ಏಳು ಸೆಕೆಂಡು ನಿಲ್ಲಬೇಕು

ದೋಹಾ,
5-11-2006

ಪ್ರೀತಿಯ ಪಪ್ಪಾ,

ನಾನು ಫೋನ್ ಮಾಡಿದಾಗಲೆಲ್ಲ ನೀವು "ಹುಂ, ಮಾಯ್‌ಗೆ ಕೊಡ್ತೇನೆ" ಎಂದು ರಿಸೀವರ್ ದಾಟಿಸಿಬಿಡುತ್ತೀರಿ. ಪತ್ರವನ್ನು ಹಾಗೆ ದಾಟಿಸಲಾಗುವುದಿಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಆರೋಗ್ಯವಾಗಿದ್ದೇನೆ. ಸುಸ್ತು ಮಾತ್ರ ಬಿಡುವುದಿಲ್ಲ. ಬೆಳಿಗ್ಗೆ ಆರಕ್ಕೆ ಮೊದಲೇ ಬಿನ್ ಒಮ್ರಾನ್‌ನ ನಮ್ಮ ಕಟ್ಟಡದ ಕೆಳಗೆ ಬಸ್ಸು ಬಂದು ಹಾರ್ನ್ ಹಾಕುತ್ತದೆ. ಅಲ್ ರಯ್ಯಾನ್‌ನ ಕಾಲೇಜು ತಲುಪುವವರೆಗೂ ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ, ಸಂಜೆ ವಾಪಸು ಬರುವಾಗಲೂ ಇಲ್ಲ. ಕನ್ನಡ ಎಂ.ಎ. ಮಾಡಿದವಳಿಗೆ ಕ್ರೀಡಾ ವಿಭಾಗದಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತೆಂದು ಕೇಳಿ ನೀವು ನಕ್ಕಿರಂತೆ. ಮಾಯ್ ಹೇಳಿದಳು. ನೀವು ನಕ್ಕದ್ದು ಕೇಳಿ ನನಗೆ ಖುಷಿಯೇ ಆಯಿತು. ಆಟಗಾರರ ಪಟ್ಟಿ ಟೈಪ್ ಮಾಡುತ್ತೇನೆ, ಜರ್ಸಿಗಳನ್ನು ಲಾಂಡ್ರಿಗೆ ಕಳಿಸುತ್ತೇನೆ, ನೀರು ತರಿಸುತ್ತೇನೆ. ಉಳಿದ ಹೊತ್ತು ಕಿಟಕಿಯಿಂದ ಮೈದಾನ ನೋಡುತ್ತೇನೆ.

ನಿಮ್ಮನ್ನು ಒಂದು ವಿಷಯ ಕೇಳಬೇಕಿತ್ತು. ಇಲ್ಲಿ ಅಮೆರಿಕದವರ ಫುಟ್ಬಾಲ್ ಆಡುತ್ತಾರೆ. ಹೆಸರು ಫುಟ್ಬಾಲ್, ಆಡುವುದೆಲ್ಲ ಕೈಯಲ್ಲಿ. ಹೆಲ್ಮೆಟ್ ಹಾಕಿ ಡಿಕ್ಕಿ ಹೊಡೆಯುವ ಆಟವಲ್ಲ, ಅದರ ಸೌಮ್ಯ ರೂಪ. ಪ್ರತಿಯೊಬ್ಬನ ಸೊಂಟಕ್ಕೂ ಎರಡು ಬಟ್ಟೆಪಟ್ಟಿ ಸಿಕ್ಕಿಸಿರುತ್ತಾರೆ. ಚೆಂಡು ಹಿಡಿದವನ ಪಟ್ಟಿಯನ್ನು ಎದುರಾಳಿ ಕಿತ್ತುಕೊಂಡರೆ ಆ ಸರದಿ ಮುಗಿಯಿತು. ನಮ್ಮ ಕಬಡ್ಡಿಗೆ ದೂರದ ನೆಂಟನಂತೆ ಕಾಣುತ್ತದೆ. ತಂಡದಲ್ಲಿ ಚೆಂಡು ಎಸೆಯುವವನು ಒಬ್ಬ ಇರುತ್ತಾನೆ, ಅವನೇ ಕ್ವಾರ್ಟರ್‌ಬ್ಯಾಕ್. ಅವನು ಗೆರೆಯ ಹಿಂದೆ ನಿಂತು, ಮುಂದೆ ಓಡುವ ತನ್ನವರಲ್ಲಿ ಯಾರು ಖಾಲಿ ಸಿಕ್ಕುತ್ತಾರೆಂದು ನೋಡಿ ಅವರಿಗೆ ಎಸೆಯಬೇಕು. ಅವನು ನಿಲ್ಲುವ ಆ ಸಣ್ಣ ಜಾಗಕ್ಕೆ ಕೋಚ್ ಹಾಲ್ಡನ್ 'ಪಾಕೆಟ್' ಎನ್ನುತ್ತಾರೆ.

ನಮ್ಮ ಕ್ವಾರ್ಟರ್‌ಬ್ಯಾಕ್ ಮುಸ್ತಫಾ. ಹತ್ತೊಂಬತ್ತು ವರ್ಷ. ಉಳ್ಳಾಲದ ಕಡೆಯವರು, ಆದರೆ ಅವನು ಹುಟ್ಟಿದ್ದೇ ಇಲ್ಲಿ. ತಂದೆ ಝಕರಿಯಾ ಅವರಿಗೆ ಅಲ್ ಮನ್ಸೂರಾದಲ್ಲಿ ಅಕ್ಕಿ, ತೆಂಗಿನೆಣ್ಣೆಯ ಸಗಟು ಅಂಗಡಿ ಇದೆ. ಮುಸ್ತಫಾ ಎಸೆಯುವುದಕ್ಕಿಂತ ಓಡುವುದೇ ಹೆಚ್ಚು. ಎದುರಾಳಿ ಹತ್ತಿರ ಬಂದದ್ದೇ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟುಬಿಡುತ್ತಾನೆ. ಅವನ ಪಟ್ಟಿ ಯಾರ ಕೈಗೂ ಸಿಕ್ಕಿದ್ದನ್ನು ನಾನು ನೋಡಿಲ್ಲ. ಓಡುತ್ತಾ ನಗುತ್ತಿರುತ್ತಾನೆ.

ಮಾರ್ಚಿನಲ್ಲಿ ದುಬೈ, ಬಹರೈನ್ ಕಾಲೇಜುಗಳ ತಂಡಗಳು ಇಲ್ಲಿಗೆ ಬರುತ್ತವೆ. ಆ ಪಂದ್ಯಾಟಕ್ಕೆ ಹೊಸ ನಿಯಮ ತಂದಿದ್ದಾರೆ. ಎಸೆಯುವವನು ಚೆಂಡು ಹಿಡಿದುಕೊಂಡು ಗೆರೆ ದಾಟುವಂತಿಲ್ಲ, ಏಳು ಸೆಕೆಂಡಿನೊಳಗೆ ಎಸೆದುಬಿಡಬೇಕು. ಮುಸ್ತಫಾನಿಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಲು ಬರುವುದಿಲ್ಲ. ಫೆಬ್ರವರಿ ಮುಗಿಯುವುದರೊಳಗೆ ಕಲಿತರೆ ಆ ಜಾಗ ಅವನದು, ಇಲ್ಲವಾದರೆ ಬೆಂಚಿನಲ್ಲಿ ಕೂರಬೇಕು ಎಂದು ಕೋಚ್ ಹೇಳಿಬಿಟ್ಟಿದ್ದಾರೆ. ಅವನು ಬೇರೆ ಯಾವ ಜಾಗದಲ್ಲಿಯೂ ಆಡಲು ಒಪ್ಪುವುದಿಲ್ಲ.

ಓಡುವವನನ್ನು ನಿಲ್ಲುವವನನ್ನಾಗಿ ಮಾಡಲು ಸಾಧ್ಯವೇ, ಪಪ್ಪಾ? ನಿಮಗೆ ಗೊತ್ತಿರುತ್ತದೆ ಎಂದು ಕೇಳುತ್ತಿದ್ದೇನೆ.

ನಿಮ್ಮ ಮಗಳು,
ಪರ್ಲ್

*

ಕಿನ್ನಿಗೋಳಿ,
21-11-2006

ಪ್ರಿಯ ಪರ್ಲ್‌ಗೆ,

ನಿನ್ನ ಪತ್ರ ಹದಿನೆಂಟಕ್ಕೆ ಸಿಕ್ಕಿತು. ಎರಡು ಸಲ ಓದಿದೆ. ನಿನ್ನ ಮಾಯ್‌ಗೂ ಓದಿ ಹೇಳಿದೆ. ನೀನು ಸರಿಯಾಗಿ ಊಟ ಮಾಡುವುದಿಲ್ಲ ಎಂದು ಅದರಲ್ಲಿ ಎಲ್ಲಿಯೂ ಬರೆದಿರಲಿಲ್ಲ, ಆದರೂ ತಾಯಿಯಲ್ಲವೇ, ಅವಳಿಗೆ ಅದು ಗೊತ್ತಾಯಿತಂತೆ.

ನಿನ್ನ ಪ್ರಶ್ನೆಗೆ ಉತ್ತರ: ಸಾಧ್ಯ. ಮೂವತ್ತೊಂದು ವರ್ಷ ಪಿ.ಟಿ. ಮಾಸ್ತರನಾಗಿದ್ದವನು ಹೇಳುತ್ತಿದ್ದೇನೆ. ನಾನೇ ಒಬ್ಬ ಹುಡುಗನನ್ನು ರೈಡರ್‌ನಿಂದ ಕಾರ್ನರ್ ಮಾಡಿದ್ದೇನೆ. ರೈಡರ್ ಎದುರಾಳಿಯ ಅಂಕಣಕ್ಕೆ ನುಗ್ಗಿ ಓಡಿ ಬರುವವನು. ಕಾರ್ನರ್ ತನ್ನ ಮೂಲೆ ಬಿಡದೆ, ನುಗ್ಗಿದವನು ಹತ್ತಿರ ಬರುವ ತನಕ ಕಾದು ಕಾಲು ಹಿಡಿಯುವವನು. ಒಂದು ಮಳೆಗಾಲ ಬೇಕಾಯಿತು.

ಮೊದಲು ಅವನು ಓಡುವ ಮುಂಚೆ ಏನು ಮಾಡುತ್ತಾನೆ ನೋಡು. ಓಡುವವನ ಒಂದು ಹಿಮ್ಮಡಿ ಮೊದಲೇ ಏಳುತ್ತದೆ. ಯಾವುದೆಂದು ಅವನಿಗೆ ಗೊತ್ತಿರುವುದಿಲ್ಲ. ಅದನ್ನು ಅವನಿಗೆ ತೋರಿಸಿಕೊಡಬೇಕು. ಬೈಯಬಾರದು.

ನಮ್ಮ ಶಾಲೆಯ ಗ್ರೌಂಡಿನ ಮೂಡು ಬದಿಯನ್ನು ಅಗೆಯುತ್ತಿದ್ದಾರೆ. ಅಲ್ಲಿ ಹೊಸ ಕಟ್ಟಡ ಬರುತ್ತದಂತೆ. ಕಬಡ್ಡಿ ಅಂಕಣದ ಕಡೆಗೆ ಇನ್ನೂ ಬಂದಿಲ್ಲ. ಮೊಣಕಾಲು ನೋವು ಇದ್ದದ್ದೇ. ದೋಹಾದಲ್ಲಿ ಏಷ್ಯನ್ ಗೇಮ್ಸ್ ಉಂಟಲ್ಲ, ಕಬಡ್ಡಿ ನೋಡಲು ಹೋಗುತ್ತೀಯಾ? ಹೋದರೆ ಕಾರ್ನರ್‌ಗಳು ಎಲ್ಲಿ ನಿಲ್ಲುತ್ತಾರೆಂದು ನೋಡಿ ಬರೆ.

ದೇವರು ಕಾಪಾಡಲಿ.

ಕಾಸ್ಮಿರ್ ಡಿಸೋಜ
ನಿವೃತ್ತ ದೈಹಿಕ ಶಿಕ್ಷಕ

*

ದೋಹಾ,
12-12-2006

ಪ್ರೀತಿಯ ಪಪ್ಪಾ,

ಎಡ ಹಿಮ್ಮಡಿ. ನೀವು ಹೇಳಿದ್ದು ಸರಿ. ಮೂರು ದಿನ ಕಿಟಕಿಯಿಂದ ನೋಡಿದೆ, ನಾಲ್ಕನೆಯ ದಿನ ಧೈರ್ಯ ಮಾಡಿ ಮೈದಾನದ ಬದಿಗೆ ಹೋಗಿ ಹೇಳಿದೆ. ನಾನಾಗಿ ಹೋಗಿ ಒಬ್ಬರ ಹತ್ತಿರ ಮಾತಾಡಿದೆ ಎಂದರೆ ಮಾಯ್ ನಂಬಲಿಕ್ಕಿಲ್ಲ.

"ಅಕ್ಕ, ನೀವು ಸ್ಪೈಯಾ?" ಎಂದ ಮುಸ್ತಫಾ. "ನಾನು ನೀರು ತರಿಸುವವರು ಅಂತ ಎಣಿಸಿದ್ದೆ."

"ನೀರೂ ತರಿಸ್ತೇನೆ. ನಿನ್ನ ಎಡಕಾಲು ಮೊದಲೇ ಹೊರಡ್ತದೆ. ಅಷ್ಟೇ ಹೇಳ್ಲಿಕ್ಕೆ ಬಂದದ್ದು."

"ಅದು ಹೊರಟ್ರೆ ನಾನೊಬ್ಬನೇ ಇಲ್ಲಿ ಎಂತ ಮಾಡುವುದು ಅಕ್ಕ? ಅದರ ಒಟ್ಟಿಗೆ ಹೋಗ್ತೇನೆ."

ಅವನ ಕನ್ನಡ ಅರ್ಧ ಬ್ಯಾರಿ, ಅರ್ಧ ಇಂಗ್ಲಿಷು, ಆದರೂ ನಗಿಸುತ್ತಾನೆ. ಆದರೆ ಕೋಚ್‌ಗೆ ಈಗ ನಗು ಬರುವುದಿಲ್ಲ. ಅವನ ಸುತ್ತ ಪ್ಲಾಸ್ಟಿಕ್ ಕೋನ್‌ಗಳನ್ನು ಇಟ್ಟು ನೋಡಿದರು, ಅವನ್ನು ಹಾರಿ ಓಡಿದ. ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ ನಿಂತು ಎಣಿಸಿದರು, ನಾಲ್ಕು ಎನ್ನುವಷ್ಟರಲ್ಲಿ ಅವನಿಲ್ಲ. ತಾನು ಓಡುತ್ತಿದ್ದೇನೆ ಎಂಬುದು ಓಡಿದ ಮೇಲೆ ಗೊತ್ತಾಗುತ್ತದಂತೆ. ನಿನ್ನೆ ಬೇರೊಬ್ಬನ ಕೈಗೆ ಚೆಂಡು ಕೊಟ್ಟು ಎಸೆಯಿಸಿದರು. ಮುಸ್ತಫಾ ಬೆಂಚಿನಲ್ಲಿ ಕೂತು ಬೂಟಿನ ಲೇಸು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡುತ್ತಿದ್ದ.

ಕಬಡ್ಡಿಗೆ ಹೋಗಿದ್ದೆ. ಆ ವಾರ ಇಲ್ಲಿ ಮಳೆ ಬಂದು ರಸ್ತೆಯೆಲ್ಲ ನೀರು. ಡೇವಿಡಣ್ಣನೇ ರಾಸ್ ಲಫಾನ್‌ನ ಕೆಲಸದ ಕ್ಯಾಂಪಿನಿಂದ ಬಂದು ಕರೆದುಕೊಂಡು ಹೋದ. ಅವನು ಪ್ರತಿ ಶುಕ್ರವಾರ ಚರ್ಚಿನ ಪೂಜೆಗೆ ಬರುತ್ತಾನೆ, ಆಮೇಲೆ ಅಣ್ಣ ತಂಗಿ ಇಬ್ಬರೂ ಅಲ್ ಮನ್ಸೂರಾದಲ್ಲಿ ಊಟ ಮಾಡುತ್ತೇವೆ. ಮಾಯ್ ಬಗ್ಗೆ ಕೇಳುತ್ತಾನೆ, ದನದ ಬಗ್ಗೆಯೂ ಕೇಳುತ್ತಾನೆ. ಆ ದಿನ ಪಂದ್ಯ ಮುಗಿಯುವವರೆಗೂ ಅವನು ರೈಡರ್‌ಗಳನ್ನು ನೋಡಲೇ ಇಲ್ಲ, ಎಡ ಮೂಲೆಯವನನ್ನೇ ನೋಡುತ್ತಿದ್ದ. ಅವನು ಎಲ್ಲಿ ನಿಲ್ಲುತ್ತಾನೆ, ಪತ್ರದಲ್ಲಿ ಬರೆಯಬೇಕು ಎಂದು ಕೇಳಿದೆ. "ಕೈ ಚಾಚಿದರೆ ಗೆರೆ ಸಿಗುವಷ್ಟು ಹತ್ತಿರ" ಎಂದ. ಯಾರಿಗೆ ಬರೆಯಲು ಎಂದು ಕೇಳಲಿಲ್ಲ.

ಪಪ್ಪಾ, ನೀವು 'ಒಬ್ಬ ಹುಡುಗ' ಎಂದು ಬರೆದಿದ್ದೀರಿ. ಆಗ ನಾನು ಆರನೆಯ ತರಗತಿ. ನಮ್ಮ ಕ್ಲಾಸಿನ ಕಿಟಕಿಯಿಂದ ಗ್ರೌಂಡು ಕಾಣುತ್ತಿತ್ತು. ಅಂಕಣದ ಮೂಲೆಯಲ್ಲಿ ಗೂಟ ಹೊಡೆದು, ಹುರಿಹಗ್ಗದಿಂದ ಡೇವಿಡಣ್ಣನ ಕಾಲಿಗೆ ಕಟ್ಟಿದ್ದಿರಿ. ಅದು ನನಗೆ ನೆನಪಿದೆ. ಅವನು ನಿಲ್ಲಲು ಕಲಿತದ್ದು ಆ ಹಗ್ಗದಿಂದಲೇ ಅಲ್ಲವೇ? ಇದನ್ನು ಮುಸ್ತಫಾನಿಗೆ ಹೇಳಲೇ? ಬೇಗ ಬರೆಯಿರಿ, ದಿನಗಳು ಹೋಗುತ್ತಿವೆ.

ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿ ಕಳಿಸಬೇಡಿ ಎಂದು ಮಾಯ್‌ಗೆ ಹೇಳಿ. ಕೊಕ್ಕಿಸ್ ದಾರಿಯಲ್ಲೇ ಪುಡಿಯಾಗುತ್ತದೆ.

ಪರ್ಲ್

*

ದೋಹಾ,
14-1-2007

ಪ್ರೀತಿಯ ಪಪ್ಪಾ,

ನಿಮ್ಮ ಪತ್ರ ಬರಲಿಲ್ಲ. ಹಬ್ಬದ ಸಮಯದಲ್ಲಿ ಅಂಚೆ ತಡವಾಗುತ್ತದೆ ಎಂದು ಕಾದೆ. ಹೊಸ ವರ್ಷಕ್ಕೆ ಫೋನ್ ಮಾಡಿದಾಗ ನೀವು ಸ್ನಾನಕ್ಕೆ ಹೋಗಿದ್ದೀರಿ ಎಂದಳು ಮಾಯ್. ಹಿಂದಿನಿಂದ ರೇಡಿಯೋ ಕೇಳುತ್ತಿತ್ತು, ಯಾರೋ ಅದರ ಸ್ವರ ತಗ್ಗಿಸಿದರು.

ನಾನು ಹಗ್ಗದ ವಿಷಯ ಹೇಳಿಬಿಟ್ಟೆ.

ಡಿಸೆಂಬರ್ ಕೊನೆಯಲ್ಲಿ ಮುಸ್ತಫಾ ಆಫೀಸಿಗೆ ಬಂದು ಆಟಗಾರರ ಪಟ್ಟಿ ನೋಡಿದ. 'ಎಸೆಯುವವನು' ಎಂದಿರುವಲ್ಲಿ ತನ್ನ ಹೆಸರಿಲ್ಲ. ನಾನೇ ಟೈಪ್ ಮಾಡಿದ್ದು. "ಇನ್ನೂ ಖಲಾಸ್ ಅಲ್ಲ ಅಲ್ವಾ ಅಕ್ಕ?" ಎಂದು ಕೇಳಿದ. ಅವನ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ನಮ್ಮ ತಂದೆ ಹೀಗೆ ಮಾಡಿದ್ದರು, ಅದು ನಡೆಯಿತು ಎಂದೆ. ಯಾರಿಗೆ ಮಾಡಿದರು ಎಂದು ಮಾತ್ರ ಹೇಳಲಿಲ್ಲ.

ಅಂದಿನಿಂದ ಅಂಗಡಿಯ ಗೋದಾಮಿನಲ್ಲಿ ಕಂಬಕ್ಕೆ ಎಡಗಾಲು ಕಟ್ಟಿಕೊಂಡು ನಿಲ್ಲುತ್ತಾನೆ. ಅಕ್ಕಿ ಮೂಟೆ ಬಿಗಿಯುವ ಹಳದಿ ಪ್ಲಾಸ್ಟಿಕ್ ಹಗ್ಗ. ಅಂಗಡಿಯ ಕೆಲಸದ ಇಸ್ಮಾಯಿಲ್ ಅವನ ಮೇಲೆ ಓಡಿ ಬರುತ್ತಾನೆ, ಏಳು ಎನ್ನುವಷ್ಟರಲ್ಲಿ ಮುಸ್ತಫಾ ಮೂಟೆಗಳ ಮೇಲೆ ಚೆಂಡು ಎಸೆಯುತ್ತಾನೆ. ನಾನು ಒಂದು ಶುಕ್ರವಾರ ಹೋಗಿ ನೋಡಿದೆ. ಝಕರಿಯಾ ಅವರು ಚಹಾ ತರಿಸಿದರು. "ನಿಮ್ಮ ಬಾಪ ಮಾಸ್ತರಾ ಮೇಡಂ? ಹಾಗಾದ್ರೆ ಸರಿಯೇ. ಇವನಿಗೆ ಮನೆಯಲ್ಲಿ ಒಂದು ಕಡೆ ಕೂತು ಊಟ ಮಾಡ್ಲಿಕ್ಕೇ ಗೊತ್ತಿಲ್ಲ" ಎಂದರು.

ಈಗ ಅವನು ನಿಲ್ಲುತ್ತಾನೆ, ಪಪ್ಪಾ. ಮೊನ್ನೆ ಮೈದಾನದಲ್ಲಿ ಹಗ್ಗವಿಲ್ಲದೆ ಏಳನೆಯ ಸೆಕೆಂಡಿನವರೆಗೂ ನಿಂತ. ಎದುರಿನವನು ಮೂಗಿನ ಹತ್ತಿರ ಬಂದರೂ ಅಲುಗಲಿಲ್ಲ. ಹದಿನಾಲ್ಕು ಸಲ ಎಸೆದದ್ದರಲ್ಲಿ ಹನ್ನೊಂದು ಸಲ ತನ್ನವರ ಕೈಗೆ ಸಿಕ್ಕಿತು. ಕೋಚ್ ಹಾಲ್ಡನ್ ಅವನ ಬೆನ್ನು ತಟ್ಟಿದರು. ನಾನು ಹೊಸ ಪಟ್ಟಿ ಟೈಪ್ ಮಾಡಿದೆ.

ನಾನು ಸಂತೋಷಪಡಬೇಕಿತ್ತು. ಆದರೆ ಅವನು ಈಗ ನನ್ನನ್ನು ಸ್ಪೈ ಎಂದು ಕರೆಯುವುದಿಲ್ಲ. ನೀರಿನ ಬಾಟಲಿ ತೆಗೆದುಕೊಂಡು "ಥ್ಯಾಂಕ್ಯೂ" ಎನ್ನುತ್ತಾನೆ.

ಪರ್ಲ್

*

ಕಿನ್ನಿಗೋಳಿ,
3-1-2007

ಪ್ರಿಯ ಪರ್ಲ್,

ನೀನು ಫೋನ್ ಮಾಡಿದಾಗ ನಾನು ಸ್ನಾನಕ್ಕೆ ಹೋಗಿರಲಿಲ್ಲ.

ನಿನ್ನ ಡಿಸೆಂಬರ್ ಪತ್ರಕ್ಕೆ ಮೂರು ಸಲ ಉತ್ತರ ಬರೆದು ಹರಿದೆ. ಆ ಹುಡುಗನಿಗೆ ಹಗ್ಗದ ವಿಷಯ ಹೇಳಬೇಡ. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು.

ನಲವತ್ತು ದಿನ ಕಟ್ಟಿದ್ದೆ. ಬೇರೆ ಯಾರ ಮಗನಿಗೂ ನಾನು ಹಾಗೆ ಮಾಡುತ್ತಿರಲಿಲ್ಲ. ಮನೆಯವನಾದ್ದರಿಂದ ಕೇಳುವವರಿಲ್ಲ ಎಂಬ ಧೈರ್ಯ. ತಂಡದಲ್ಲಿ ರೈಡರ್‌ಗಳು ಬೇಕಾದಷ್ಟಿದ್ದರು, ಒಳ್ಳೆಯ ಕಾರ್ನರ್ ಒಬ್ಬನೂ ಇರಲಿಲ್ಲ. ಡೇವಿಡ್ ನಿಲ್ಲಲು ಕಲಿತ. ತಾಲೂಕು ಫೈನಲಿನಲ್ಲಿ ಗೂಟದ ಹಾಗೆ ನಿಂತ. ಆರು ಜನರನ್ನು ಹಿಡಿದ. ಗೆದ್ದೆವು.

ಶೀಲ್ಡು ತೆಗೆದುಕೊಂಡ ಮೇಲೂ ಅವನು ಮೂಲೆ ಬಿಟ್ಟು ಬರಲಿಲ್ಲ. ಹುಡುಗರು ಅದನ್ನು ಎತ್ತಿ ಹಿಡಿದು ಕುಣಿಯುತ್ತಿದ್ದರು. ನಾನು ಹೋಗಿ ಕರೆದೆ. ಅವನು ನನ್ನ ಮುಖ ನೋಡಿ, "ಪಪ್ಪಾ, ಈಗ ಓಡಬಹುದಾ?" ಎಂದು ಕೇಳಿದ. ಸುತ್ತ ನೂರು ಜನ, ಹೆಡ್ಮಾಸ್ತರರೂ ಇದ್ದರು. ಎಲ್ಲರೂ ನಕ್ಕರು. ಎಲ್ಲರೆದುರು ನನ್ನನ್ನು ಹಂಗಿಸುತ್ತಿದ್ದಾನೆ ಎಂದುಕೊಂಡೆ. ಕೆನ್ನೆಗೆ ಹೊಡೆದೆ.

ಅವನು ಹಂಗಿಸಿರಲಿಲ್ಲ. ನಿಜವಾಗಿಯೂ ಕೇಳಿದ್ದ. ಹದಿನೈದು ವರ್ಷದ ಹುಡುಗ, ಓಡಬಹುದೋ ಇಲ್ಲವೋ ಎಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಇದು ನನಗೆ ಹೊಳೆದದ್ದು ನಿವೃತ್ತನಾದ ಮೇಲೆ, ಒಂದು ದಿನ ಹಟ್ಟಿಯಲ್ಲಿ ಕರುವಿನ ಹಗ್ಗ ಬಿಚ್ಚುವಾಗ. ಬಿಚ್ಚಿದರೂ ಅದು ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು.

ಆಮೇಲೆ ಅವನು ಗ್ರೌಂಡಿಗೆ ಕಾಲಿಡಲಿಲ್ಲ. ಗಲ್ಫಿಗೆ ಹೋಗುವವರೆಗೆ ನನ್ನೊಂದಿಗೆ ಬೇಕಾದಷ್ಟೇ ಮಾತಾಡಿದ. ಹೋದ ಮೇಲೆ ಅದೂ ಇಲ್ಲ.

ನೀನು ಕೇಳಿದ್ದಕ್ಕೆ ನಾನು 'ಸಾಧ್ಯ' ಎಂದು ಬರೆದೆ. ಅದು ಸುಳ್ಳಲ್ಲ. ಆದರೆ ಅರ್ಧ ಉತ್ತರ.

ಪಪ್ಪ

*

ದೋಹಾ,
4-2-2007

ಪಪ್ಪಾ,

ನಿಮ್ಮ ಪತ್ರ ಸಿಕ್ಕಿದ್ದು ಜನವರಿ ಇಪ್ಪತ್ತೊಂದಕ್ಕೆ. ಅಷ್ಟರಲ್ಲಿ ನನ್ನ ಪತ್ರ ಹೊರಟಾಗಿತ್ತು. ಎರಡೂ ದಾರಿಯಲ್ಲಿ ಎಲ್ಲೋ ಒಂದನ್ನೊಂದು ದಾಟಿ ಹೋಗಿವೆ. ನಾನು ಕಾಯಬೇಕಿತ್ತು.

ಅಂದೇ ಸಂಜೆ ಅಲ್ ಮನ್ಸೂರಾಕ್ಕೆ ಹೋದೆ. ಮುಸ್ತಫಾ ಕಂಬದ ಹತ್ತಿರ ನಿಂತಿದ್ದ. ಕಾಲುಚೀಲ ಇಳಿಸಿ ತೋರಿಸು ಎಂದೆ. ಹಗ್ಗ ಉಜ್ಜಿದ ಕಡೆ ಬಳೆಯಂತೆ ಕೆಂಪು ಗೆರೆ. ಇನ್ನು ಇದು ಬೇಡ, ನಾನು ಹೇಳಿದ್ದು ತಪ್ಪು ಎಂದೆ. "ಬಿಡಿ ಅಕ್ಕ, ಮಾರ್ಚ್ ತನಕ ಅಷ್ಟೇ" ಎಂದ. ಇಸ್ಮಾಯಿಲ್ ಗಂಟು ಬಿಚ್ಚಿದ. ನಾವು ಹೊರಗೆ ಹೋಗಿ ಹಿಂದೆ ನೋಡಿದರೆ ಮುಸ್ತಫಾ ಅಲ್ಲೇ ನಿಂತಿದ್ದ. ನನಗೆ ನೀವು ಬರೆದ ಕರು ನೆನಪಾಯಿತು.

ಶುಕ್ರವಾರ ನಿಮ್ಮ ಪತ್ರವನ್ನು ಡೇವಿಡಣ್ಣನಿಗೆ ಕೊಟ್ಟೆ. ನಿಮ್ಮನ್ನು ಕೇಳದೆ ಕೊಟ್ಟೆ. ಹೋಟೆಲಿನಲ್ಲಿ ಮೀನು ಫ್ರೈ ಬಂದು ತಣ್ಣಗಾಯಿತು. ಅವನು ಎರಡು ಸಲ ಓದಿದ.

"ಇದು ನಿನಗೆ ಬರೆದದ್ದಾ, ನನಗಾ?" ಎಂದ.

"ಮೇಲೆ ನನ್ನ ಹೆಸರು ಉಂಟಲ್ಲ."

"ಹೆಸರು ಇರ್ಲಿ" ಎಂದು ಪತ್ರ ಮಡಚಿ ಅಂಗಿಯ ಜೇಬಿಗೆ ಹಾಕಿದ. ವಾಪಸು ಕೊಡಲಿಲ್ಲ. ಮೀನಿನ ತಟ್ಟೆಯನ್ನು ನನ್ನ ಕಡೆ ಸರಿಸಿ, "ಆ ಹುಡುಗನನ್ನು ಒಮ್ಮೆ ನೋಡಬೇಕು ಪರ್ಲಿ" ಎಂದ.

ನಿನ್ನೆ ರಜೆ ಹಾಕಿ ಮೈದಾನಕ್ಕೆ ಬಂದ. ಸೈಟಿನ ಭಾರದ ಬೂಟಿನಲ್ಲೇ ಬಂದಿದ್ದ. ಅಭ್ಯಾಸ ಮುಗಿದ ಮೇಲೆ ಮುಸ್ತಫಾನ ಎದುರು ನಿಂತು, "ಓಡು" ಎಂದ.

ಮುಸ್ತಫಾ ಅವನನ್ನೂ ನನ್ನನ್ನೂ ನೋಡಿದ. "ಎಲ್ಲಿಗೆ ಅಣ್ಣ?"

"ಎಲ್ಲಿಗಾದ್ರೂ."

"ಕೋಚ್ ಹೋದ್ರಾ?"

ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಲಾಗದಿದ್ದವನು ಹಾಗೆ ಕೇಳಿದ. ಡೇವಿಡಣ್ಣ ಬೂಟು ಬಿಚ್ಚಿಟ್ಟ. ಅಂಗಿಯ ಜೇಬಿನಿಂದ ಪತ್ರ ತೆಗೆದು ಬೂಟಿನ ಒಳಗಿಟ್ಟ. "ಕಾಲು ಹೊರಟ್ರೆ ಯಾರ ಹತ್ರವೂ ಕೇಳ್ಬೇಡ ಮಾರಾಯ" ಎಂದವನೇ ಅವನ ಸೊಂಟದ ಪಟ್ಟಿಗೆ ಕೈ ಹಾಕಲು ನುಗ್ಗಿದ. ಮುಸ್ತಫಾ ತಪ್ಪಿಸಿಕೊಂಡ. ಮತ್ತೆ ನುಗ್ಗಿದ. ಕೊನೆಗೆ ಇಬ್ಬರೂ ಮೈದಾನದ ತುಂಬ ಓಡಿದರು. ಡೇವಿಡಣ್ಣನಿಗೆ ಹೊಟ್ಟೆ ಬಂದಿದೆ, ಪಪ್ಪಾ, ಬೇಗ ಏದುಸಿರು ಬರುತ್ತದೆ. ಆದರೂ ಅವನು ಓಡುವುದನ್ನು ಆರನೆಯ ತರಗತಿಯ ನಂತರ ನಾನು ಮೊದಲ ಸಲ ನೋಡಿದ್ದು.

ಬಸ್ಸಿಗೆ ಹೊತ್ತಾಗಿತ್ತು. ನಾನು ಬೂಟು ಕಾಯುತ್ತಾ ಕೂತಿದ್ದೆ.

ಪರ್ಲ್

*

ರಾಸ್ ಲಫಾನ್,
11-3-2007

ಪಪ್ಪಾ,

ಪಂದ್ಯದ ಬಗ್ಗೆ ಪರ್ಲಿ ಬರೆಯುತ್ತೇನೆ ಎಂದಳು. ಬೇಡ, ನಾನು ಬರೆಯುತ್ತೇನೆ ಎಂದೆ. ಕನ್ನಡ ಬರೆಯದೆ ವರ್ಷಗಳಾದವು. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಬೇಡಿ.

ಫೆಬ್ರವರಿಯಲ್ಲಿ ನಾಲ್ಕು ಸಲ ಹೋಗಿ ಹುಡುಗನನ್ನು ಓಡಿಸಿದೆ. ಕೋಚ್‌ಗೆ ಗೊತ್ತಿತ್ತು, ತಡೆಯಲಿಲ್ಲ. ಅಭ್ಯಾಸದಲ್ಲಿ ಚೆನ್ನಾಗಿ ನಿಲ್ಲುತ್ತಿದ್ದ, ಜಾಗ ಅವನಿಗೇ ಸಿಕ್ಕಿತು.

ನಿನ್ನೆ ದುಬೈಯವರೊಂದಿಗೆ ಕೊನೆಯ ಪಂದ್ಯ. ಪಂದ್ಯವಿಡೀ ನಿಂತೇ ಆಡಿದ. ನಿಂತು, ನೋಡಿ, ಎಸೆದ. ನೀವು ನೋಡಿದ್ದರೆ ಶಹಬ್ಬಾಸ್ ಎನ್ನುತ್ತಿದ್ದಿರಿ. ಕೊನೆಯ ಸರದಿ ಉಳಿದಿತ್ತು. ಅದರಲ್ಲಿ ಚೆಂಡನ್ನು ಆಚೆ ತುದಿಗೆ ಸೇರಿಸಿದರೆ ಗೆಲುವು. ಚೆಂಡು ಅವನ ಕೈಗೆ ಬಂತು. ನಾನು ಬಾಯಲ್ಲೇ ಎಣಿಸುತ್ತಿದ್ದೆ. ನಾಲ್ಕಕ್ಕೂ ನಿಂತಿದ್ದ, ಐದಕ್ಕೂ ನಿಂತಿದ್ದ. ಅವನ ಕಡೆಯವರು ಯಾರೂ ಖಾಲಿ ಇರಲಿಲ್ಲ. ಆರಕ್ಕೆ ಎಡ ಹಿಮ್ಮಡಿ ಎದ್ದಿತು.

'ಬೇಡ' ಎಂದು ನನ್ನ ಬಾಯಿಗೆ ಬಂತು. ನಿಮ್ಮ ಸ್ವರದಲ್ಲೇ ಬಂತು.

ಅವನು ಓಡಿದ. ಒಬ್ಬನ ಕೈಗೂ ಪಟ್ಟಿ ಸಿಗಲಿಲ್ಲ. ಗೆರೆ ದಾಟಿದಾಗಲೇ ಸೀಟಿ ಊದಿದ್ದರು, ಅವನಿಗೆ ಕೇಳಲಿಲ್ಲ, ಅಥವಾ ಕೇಳಿತ್ತೇನೋ. ಪೂರ್ತಿ ಆಚೆ ತುದಿಯವರೆಗೆ ಓಡಿದ. ದುಬೈ ಹುಡುಗರು ನಗುತ್ತಾ ಚಪ್ಪಾಳೆ ತಟ್ಟಿದರು. ಅದು ಲೆಕ್ಕಕ್ಕೆ ಬರಲಿಲ್ಲ, ಸೋತೆವು. ಕೋಚ್ ಟೊಪ್ಪಿ ತೆಗೆದು ಬೆಂಚಿನ ಮೇಲಿಟ್ಟು ಹೋದರು. ಇನ್ನು ಎಸೆಯುವ ಜಾಗ ಬೇರೊಬ್ಬನಿಗೆ ಎಂದು ಇವತ್ತು ಬೆಳಿಗ್ಗೆ ಪರ್ಲಿ ಫೋನಿನಲ್ಲಿ ಹೇಳಿದಳು. ಪಟ್ಟಿ ಅವಳೇ ಟೈಪ್ ಮಾಡಬೇಕಾಯಿತು.

ಪಂದ್ಯ ಮುಗಿದ ಮೇಲೆ ಅವನು ನನ್ನ ಹತ್ತಿರ ಬಂದ. ಮುಖದಲ್ಲಿ ಇನ್ನೂ ಸ್ವಲ್ಪ ನಗು ಉಳಿದಿತ್ತು. "ಅಣ್ಣ, ಓಡಬಾರದಿತ್ತಾ?" ಎಂದು ಕೇಳಿದ.

ಇಷ್ಟು ವರ್ಷದಿಂದ ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡು ಬದುಕಿದವನಿಗೆ ಇದಕ್ಕೆ ಉತ್ತರ ಗೊತ್ತಿರಬೇಕಿತ್ತು. ನೀರಿನ ಬಾಟಲಿ ಕೊಟ್ಟೆ. ಅರ್ಧ ಕುಡಿದು ಉಳಿದದ್ದನ್ನು ನನಗೆ ಕೊಟ್ಟ.

ಕೇಳಬೇಡ ಎಂದು ಹೇಳಿಕೊಟ್ಟವನು ನಾನು. ಆ ಮಾತಿನಿಂದ ಅವನ ಜಾಗ ಹೋಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಿದ್ದೆ. ಕ್ಯಾಂಪು ಬಂದರೂ ಇಳಿಯಲಿಲ್ಲ, ಡ್ರೈವರ್ ಕರೆದು ಹೇಳಬೇಕಾಯಿತು.

ಏಪ್ರಿಲ್ ಹದಿನಾಲ್ಕರಿಂದ ನನಗೆ ಒಂದು ತಿಂಗಳ ರಜೆ. ಮಾಯ್‌ಗೆ ಹೇಳಿದ್ದೇನೆ, ನಿಮಗೆ ಹೇಳಿರಲಿಲ್ಲ. ಗ್ರೌಂಡನ್ನು ಮೂಡು ಬದಿಯಿಂದ ಅಗೆಯುತ್ತಿದ್ದಾರೆ ಎಂದು ಬರೆದಿದ್ದಿರಂತೆ. ಅಂಕಣದವರೆಗೆ ಬಂದಿದ್ದಾರೆಯೇ? ನಾನು ಬರುವಾಗ ಸ್ವಲ್ಪವಾದರೂ ಉಳಿದಿರುತ್ತದೆಯೇ? ಒಮ್ಮೆ ಹೋಗಿ ನೋಡಿ ಬರೆಯಿರಿ. ಮೊಣಕಾಲು ನೋವಿದ್ದರೆ ಅವಸರವಿಲ್ಲ, ನಿಧಾನ ಹೋಗಿ.

ಡೇವಿಡ್